ಕ್ರಮಸಂಖ್ಯೆ ಒಂದರ ಟಿ.ಸಿ.

ಇಪ್ಪತ್ತೇಳು ಜೊತೆ ಚಪ್ಪಲಿ ಜೋಡಿಸಿ ಮುಗಿಸಿದ್ದೆ. ಇಪ್ಪತ್ತೆಂಟನೆಯದರ ಎಡಗಾಲಿನದು ಸಿಕ್ಕಿರಲಿಲ್ಲ. ಶಿಶುವಿಹಾರದ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಡುವುದಿಲ್ಲ, ಎರಚುತ್ತಾರೆ. ಅವನ್ನು ಹುಡುಕಿ, ಜೋಡಿ ಮಾಡಿ, ಗೋಡೆಯುದ್ದಕ್ಕೂ ಸಾಲಾಗಿ ಇಡುವುದು ಆಯಾ ಆದ ನನ್ನ ಬೆಳಗಿನ ಮೊದಲ ಕೆಲಸ. ಬೆಂಚಿನ ಕೆಳಗೆ ತಲೆ ತೂರಿಸಿದ್ದಾಗ ಟೀಚರಮ್ಮ ಒಂದು ಕಾಗದ ಹಿಡಿದು ಬಂದಳು. ವಯಸ್ಸಿನಲ್ಲಿ ನನ್ನ ಅರ್ಧದಷ್ಟು ಹುಡುಗಿ.

"ಅಕ್ಕಾ, ಹೊಸ ಅಡ್ಮಿಷನ್ ಬಂದಿದೆ. ಮೂರು ವರ್ಷದ ಹೆಣ್ಣುಮಗು. ಹೆಸರು..." ಎಂದು ನನ್ನ ಮುಖ ನೋಡಿದಳು. "ನಿಮ್ಮ ಹೆಸರೇ."

"ಇರಲಿ ಬಿಡು. ಆ ಹೆಸರನ್ನ ನಾನೇನು ಕೊಂಡುಕೊಂಡಿದೀನಾ."

"ಹುಟ್ಟಿದ ದಿನ, ತಿಂಗಳು ನಿಮ್ಮದೇ. ವಿಳಾಸ ನಿಮ್ಮದೇ. ಪೋಷಕರು ಅಂತ ನಿಮ್ಮ ಮನೆಯವರ ಹೆಸರಿದೆ. ಫೋಟೋ ನೋಡಿ."

ನೋಡಿದೆ. ಏಳನೇ ತರಗತಿಯ ಗುಂಪು ಫೋಟೋದಿಂದ ಕತ್ತರಿಸಿ ತೆಗೆದ ನನ್ನ ಮುಖ. ಎರಡು ಜಡೆ, ರಿಬ್ಬನ್ನು, ಬಿಸಿಲಿಗೆ ಕಿರಿದಾದ ಕಣ್ಣು. ಮೂರು ವರ್ಷದ ಮಗುವಿಗೆ ಹನ್ನೆರಡು ವರ್ಷದ ಮುಖ ಹೇಗೆ ಬಂತೆಂದು ಆ ಕಾಗದಕ್ಕೆ ಮೊಹರು ಒತ್ತಿದ ಐದು ಜನರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಕ್ರಮಸಂಖ್ಯೆ ಒಂದು' ಎಂದಿತ್ತು.

"ಹಾಜರಿ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ," ಎಂದು ಟೀಚರಮ್ಮ ಯೋಚಿಸಿದಳು. "ಗೈರು ಹಾಕಿದ್ರೆ ಮೂರನೇ ದಿನ ಮೇಲಿನವರು ಬರ್ತಾರೆ. ನೀವು ಹೇಗೂ ದಿನಾ ಬರ್ತೀರಲ್ಲ ಅಕ್ಕಾ, ಹಾಜರಿ ಅಂತಲೇ ಹಾಕ್ತೀನಿ. ಸುಳ್ಳೇನೂ ಅಲ್ಲ."

ಹೀಗೆ ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಶಿಶುವಿಹಾರಕ್ಕೆ ಸೇರಿದೆ. ಎಡಗಾಲಿನ ಚಪ್ಪಲಿ ನೀರಿನ ಡ್ರಮ್ಮಿನ ಹಿಂದೆ ಸಿಕ್ಕಿತು.

ನಮ್ಮವರು ಶಿಕ್ಷಣ ಸಮನ್ವಯ ಶಾಖೆಯಲ್ಲಿ ಗುಮಾಸ್ತರು. ಸಮನ್ವಯ ಎಂದರೇನು ಎಂದು ಅವರನ್ನು ಕೇಳಬಾರದು, ಕೇಳಿದರೆ ಹೇಳುತ್ತಾರೆ. ನಾನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಶಿಕ್ಷಣದ ಕಟ್ಟಡಕ್ಕೆ ನಾಲ್ಕು ಅಂತಸ್ತು. ನೆಲಮಹಡಿಯಲ್ಲಿ ಶಿಶುವಿಹಾರದವರು, ಮೊದಲ ಮಹಡಿಯಲ್ಲಿ ಏಳನೇ ತರಗತಿಯವರೆಗಿನವರು, ಎರಡನೆಯದರಲ್ಲಿ ಹೈಸ್ಕೂಲಿನವರು, ಮೂರನೆಯದರಲ್ಲಿ ಕಾಲೇಜಿನವರು. ಒಂದು ಮಹಡಿಯವರು ಇನ್ನೊಂದು ಮಹಡಿಯವರ ಜೊತೆ ಮಾತಾಡುವುದು ಅಂಚೆಯ ಮೂಲಕ. ಇದರಿಂದಾಗಿ ರಾಜ್ಯದ ಮಕ್ಕಳು ಒಂದು ಮಹಡಿಯಿಂದ ಇನ್ನೊಂದಕ್ಕೆ ಹತ್ತುವಾಗ ದಾರಿಯಲ್ಲಿ ಕಳೆದುಹೋಗುತ್ತಿದ್ದಾರೆಂದು ಸರ್ಕಾರಕ್ಕೆ ಗೊತ್ತಾಗಿ, ಮೂರನೇ ವಯಸ್ಸಿನಿಂದ ಕಾಲೇಜು ಮುಗಿಯುವ ತನಕ ಪ್ರತಿ ಮಗುವಿಗೂ ಒಂದೇ ಸಂಖ್ಯೆ ಇರಬೇಕು, ಆ ಸಂಖ್ಯೆಯನ್ನು ಹಿಡಿದು ಮಗುವನ್ನು ಹಿಂಬಾಲಿಸಬೇಕು ಎಂಬ ನೀತಿ ಬಂತು. ಹಿಂಬಾಲಿಸಲು ಒಂದು ಶಾಖೆ ಹುಟ್ಟಿತು. ಶಾಖೆಗೆ ಕೋಣೆ ಕೊಡಲು ಯಾವ ಮಹಡಿಯವರೂ ಒಪ್ಪದ ಕಾರಣ ಮೆಟ್ಟಿಲು ತಿರುಗುವ ಜಾಗದಲ್ಲಿ ಎರಡು ಮೇಜು ಹಾಕಿದರು. ಒಂದು ಇವರದು.

ಯೋಜನೆ ಪರೀಕ್ಷಿಸಲು ಒಂದು ಮಗು ಬೇಕೆಂದು ನಿರ್ದೇಶಕರು ಕೇಳಿದಾಗ ಎಲ್ಲರೂ ನೆಲ ನೋಡಿದರಂತೆ. ಇವರು ಎದೆ ಉಬ್ಬಿಸಿ, "ನಮ್ಮ ಮನೆ ಮಗುದೇ ಹಾಕ್ತೀನಿ ಸರ್," ಅಂದರಂತೆ. ಮನೆಯಲ್ಲಿ ಮಗು ಇಲ್ಲವೆಂಬುದು ಮೇಜಿಗೆ ಬಂದು ಕೂತ ಮೇಲೆ ನೆನಪಾಯಿತಂತೆ. ನಮಗೆ ಮಕ್ಕಳಿಲ್ಲ. ಅದು ಬೇರೆ ಕಥೆ, ಇಲ್ಲಿ ಬೇಡ.

"ಯಾವುದಾದ್ರೂ ಹೆಸರು ಬರೆಯಬಹುದಿತ್ತಲ್ಲ?" ಎಂದೆ ಆ ಸಂಜೆ.

"ಸುಳ್ಳು ತಾರೀಕು ಹಾಕಿದ್ರೆ ಆಮೇಲೆ ಮರೆತುಹೋಗುತ್ತೆ. ನನಗೆ ನೆನಪಿರೋ ಹುಟ್ಟಿದ ತಾರೀಕು ನಿನ್ನದೊಂದೇ ಕಣೇ."

ಇಪ್ಪತ್ತೈದು ವರ್ಷಗಳಲ್ಲಿ ಆ ತಾರೀಕಿನ ದಿನವೇ ಅದು ಒಮ್ಮೆಯೂ ನೆನಪಾಗದ ಮನುಷ್ಯ ಈ ಮಾತು ಹೇಳಿದರೆ ಹೆಂಡತಿಯಾದವಳು ನಗಬೇಕೋ ಬೇಡವೋ.

"ಒಂದು ವಾರ ಅಂದ್ರೆ ಒಂದು ವರ್ಷ ಅಂತ ಲೆಕ್ಕ," ಎಂದರು. "ಹದಿನಾರನೇ ವಾರಕ್ಕೆ ನೀನು ಕಾಲೇಜು. ಆಮೇಲೆ ಅಳಿಸಿಬಿಡ್ತೀವಿ. ಹೊರಗೆ ಒಂದು ನೊಣಕ್ಕೂ ಗೊತ್ತಾಗಲ್ಲ."

"ಶಿಶುವಿಹಾರಕ್ಕೆ ಕಾಗದ ಬಂದಿದೆ."

"ಬರಲ್ಲ. ಕಾಗದದ ವಿಭಾಗಕ್ಕೆ ಸಂಪರ್ಕನೇ ಕೊಟ್ಟಿಲ್ಲ."

ಕಾಗದವನ್ನು ಅವರ ಮುಂದೆ ಇಟ್ಟೆ. ಅದನ್ನು ಓದಿ, ತಿರುವಿ ಹಿಂದುಗಡೆ ನೋಡಿ, "ಅಕ್ಷರ ಚೆನ್ನಾಗಿ ಮೂಡಿದೆ," ಎಂದರು.

ಇವರಿಗೆ ನನ್ನ ಓದಿನ ಬಗ್ಗೆ ಮೊದಲಿನಿಂದಲೂ ದೊಡ್ಡ ಮಾತು. ಮದುವೆಯ ಹೊತ್ತಿಗೆ ನಮ್ಮ ಕಡೆಯವರು ಹುಡುಗಿ ಹತ್ತನೇ ತರಗತಿ ಎಂದಿದ್ದರು. ಇವರು ಆಫೀಸಿನಲ್ಲಿ ಅದನ್ನು ಬಿ.ಎ.ಗೆ ಏರಿಸಿ, ಆಯಾ ಕೆಲಸವನ್ನು ಸಮಾಜಸೇವೆಗೆಂದು ಮಾಡುತ್ತಾಳೆ ಎಂದು ಸೇರಿಸಿದ್ದರು. ಹೀಗೆ ನನ್ನ ಓದು ನಾನಿಲ್ಲದ ಕಡೆಗಳಲ್ಲಿ ಮುಂದುವರಿಯುತ್ತಲೇ ಇತ್ತು. ಇವರು ತರುವ ಕರಡುಗಳನ್ನು ತಿದ್ದಿ ನಕಲು ಮಾಡಿಕೊಡುವವಳು ನಾನೇ ಆದ್ದರಿಂದ ಇವರಿಗೂ ಅನುಮಾನ ಬಂದಿರಲಿಲ್ಲ. ನಾನು ಓದಿದ್ದು ಏಳು.

ನಾಲ್ಕನೆಯ ವಾರ ನಾನು ಒಂದನೇ ತರಗತಿಗೆ ಬಂದೆ. ಮೊದಲ ಮಹಡಿಯವರು ಎರಡು ಜೊತೆ ಸಮವಸ್ತ್ರ ಕಳಿಸಿದರು. ಮನೆಗೆ ಬೀಗ ಹಾಕಿದ್ದರಿಂದ ಕಟ್ಟನ್ನು ಎದುರುಮನೆಯ ಟೈಲರಮ್ಮ ಇಸಿದುಕೊಂಡು, ಬಿಚ್ಚಿ, ಅಳೆದು, ಮತ್ತೆ ಕಟ್ಟಿ ಇಟ್ಟಿದ್ದಳು.

"ಆರು ವರ್ಷದ ಮಗುವಿನ ಅಳತೆ," ಎಂದಳು. "ಹೊಲಿಗೆ ಸರಿಯಿಲ್ಲ, ಎರಡು ಸಲ ಒಗೆದ್ರೆ ಬಿಟ್ಕೊಳ್ಳುತ್ತೆ. ಯಾರ ಮಗು?"

"ಯಾರದೂ ಅಲ್ಲ. ಆಫೀಸಿನದು."

"ಆಫೀಸಿನದಾ," ಎಂದು ಎಳೆದಳು. ಆ ಎಳೆತದ ಉದ್ದಕ್ಕೇ ಸುದ್ದಿ ಅರ್ಧ ಬೀದಿ ದಾಟಿತ್ತು.

ಭಾನುವಾರ ನನ್ನ ನಾದಿನಿ ಎರಡು ಬಸ್ಸು ಬದಲಿಸಿ ಬಂದಳು. ಕಣ್ಣಲ್ಲಿ ನೀರು ದಾರಿಯಿಂದಲೇ ಸಿದ್ಧವಾಗಿತ್ತು. ನನ್ನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಅತ್ತಿಗೆ, ನನ್ನ ಹತ್ರ ಮುಚ್ಚಿಡಬೇಡಿ. ಗಂಡಸರು ಅಂದ್ಮೇಲೆ ಎಲ್ಲೋ ಒಂದ್ಕಡೆ ಕಾಲು ಜಾರ್ತಾರೆ."

"ನಿಮ್ಮಣ್ಣ ಕೂರೋದೇ ಮೆಟ್ಟಿಲ ಮೇಲೆ. ಜಾರಿದ್ರೂ ಜಾರಿರಬಹುದು."

"ನಗಬೇಡಿ ಅತ್ತಿಗೆ, ನೀವು ನಕ್ಕರೆ ನನಗೆ ಹೊಟ್ಟೆ ಉರಿಯುತ್ತೆ. ಮಗುಗೆ ನಿಮ್ಮ ಹೆಸರೇ ಇಟ್ಟಿದಾನಂತೆ. ಎಷ್ಟು ಪಶ್ಚಾತ್ತಾಪ ಪಟ್ಟಿರಬೇಕು ಪಾಪ."

"ಅದು ನಾನೇ ಕಣೇ."

"ಹೌದು, ನೀವೇ ಅಂದ್ಕೊಂಡು ಸಾಕಿಬಿಡಿ. ಅಷ್ಟು ದೊಡ್ಡ ಮನಸ್ಸು ನಿಮಗಲ್ಲದೆ ಇನ್ಯಾರಿಗಿದೆ."

ಅಷ್ಟರಲ್ಲಿ ಇವರು ಬಾಗಿಲು ತಳ್ಳಿಕೊಂಡು ಒಳಬಂದು, ತಂಗಿಯನ್ನು ನೋಡಿದ ಖುಷಿಗೆ, "ಗೊತ್ತಾಯ್ತಾ, ಒಂದನೇ ಕ್ಲಾಸು ಪಾಸು," ಎಂದರು. ನಾದಿನಿ ಗೋಡೆಗೆ ತಲೆಯಿಟ್ಟು ಅತ್ತಳು. ಹೋಗುವಾಗ ಕೈಚೀಲದಿಂದ ಒಂದು ಜೊತೆ ಕೆಂಪು ಕ್ಲಿಪ್ಪು ತೆಗೆದು, "ಮಗೂಗೆ," ಎಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ನಾನು ಬೇಡ ಎನ್ನಲಿಲ್ಲ. ಸಮವಸ್ತ್ರವನ್ನು ವಾಪಸು ಕಳಿಸಲೆಂದು ಇಸ್ತ್ರಿ ಮಾಡಿ ಮಡಿಸಿಟ್ಟೆ. ಯಾವ ಮಹಡಿಗೆ ಕಳಿಸಬೇಕೆಂದು ಯಾರೂ ಹೇಳಲಿಲ್ಲ.

ವಾರಗಳು ಉರುಳಿದವು. ಪ್ರತಿ ಶನಿವಾರ ಇವರು ಬಂದವರೇ, ಹೆಗಲಿನಿಂದ ಚೀಲ ಇಳಿಸುವ ಮುಂಚೆಯೇ "ಪಾಸು" ಎನ್ನುತ್ತಿದ್ದರು. ನನಗೇನು ಆಗಬೇಕಾಗಿದೆ ಎಂಬಂತೆ ಇರುತ್ತಿದ್ದೆ. ಆದರೆ ಶನಿವಾರಗಳಲ್ಲಿ ಅವರು ಬರುವ ಹೊತ್ತಿಗೆ ಬಾಗಿಲ ಬಳಿ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಹನ್ನೊಂದನೆಯ ವಾರ ಹಾಜರಿ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಸೈಕಲ್ಲಿನ ಚೈನಿಗೆ ಸಿಗದಂತೆ ಪ್ಯಾಂಟಿನ ಬುಡಕ್ಕೆ ರಬ್ಬರು ಹಾಕಿದ್ದರು. ಮುಂದಿನ ಬಾಗಿಲು ತಟ್ಟದೆ ನೇರ ಹಿತ್ತಲಿಗೆ ಬಂದರು. ಓದು ಬಿಡಿಸಿದ ಹೆಣ್ಣುಮಕ್ಕಳು ಸಿಗುವುದು ಹಿತ್ತಲಲ್ಲೇ ಎಂದು ಅನುಭವದಿಂದ ಗೊತ್ತಿದ್ದಿರಬೇಕು. ನಾನು ನಲ್ಲಿಯ ಕೆಳಗೆ ಕೂತು ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದೆ.

"ಕ್ರಮಸಂಖ್ಯೆ ಒಂದು," ಎಂದರು ಫಾರಂ ತೆಗೆದು. "ಏಳನೇ ಕ್ಲಾಸು ಪಾಸಾಗಿದೆ. ಎಂಟಕ್ಕೆ ಬಂದಿಲ್ಲ. ಟಿ.ಸಿ.ನೂ ಬಂದಿಲ್ಲ. ಹುಡುಗಿ ಎಲ್ಲಿ?"

"ಇಲ್ಲೇ ಇದಾಳೆ."

"ಏನ್ ಮಾಡ್ತಿದಾಳೆ?"

"ಪಾತ್ರೆ ತೊಳೀತಿದಾಳೆ."

ಅವರ ಪೆನ್ನು ಚುರುಕಾಯಿತು. "ಮನೆಗೆಲಸಕ್ಕೆ ಹಚ್ಚಿದ್ದಾರೆ," ಎಂದು ಜೋರಾಗಿ ಹೇಳಿಕೊಳ್ಳುತ್ತ ಬರೆದರು. "ಇದು ತಪ್ಪು ಅಂತ ಗೊತ್ತೇನಮ್ಮಾ?"

"ಈಗ ಗೊತ್ತಾಯ್ತು."

"ಓದು ಬಿಡಿಸಿದ್ದು ಯಾರು?"

ಇಂಥವರು ಬಂದರೆ ಹೇಳಲೆಂದು ಇವರು ನನಗೊಂದು ವಾಕ್ಯ ಕಲಿಸಿದ್ದರು: 'ಇದು ಪ್ರಾಯೋಗಿಕ ನಮೂದು, ದಯವಿಟ್ಟು ಕಡೆಗಣಿಸುವುದು.' ಅದು ಬಾಯಿಯ ತನಕ ಬಂದಿತ್ತು. ಆದರೆ ಆ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕೈಯಲ್ಲಿ ಫಾರಂ ಹಿಡಿದು, ಉತ್ತರಕ್ಕೆ ಜಾಗ ಬಿಟ್ಟುಕೊಂಡು, ಯಾರೂ ಕೇಳಿರಲಿಲ್ಲ.

"ಯಾರೂ ಬಿಡಿಸಲಿಲ್ಲ," ಎಂದೆ. "ಟಿ.ಸಿ. ಬರಲಿಲ್ಲ. ಏಳರ ತನಕದ ಶಾಲೆ ಒಂದು ಆಫೀಸಿಗೆ ಸೇರಿದ್ದು, ಎಂಟರದು ಇನ್ನೊಂದು ಆಫೀಸಿಗೆ. ಇವರು ಕಳಿಸಿದೀವಿ ಅಂದ್ರಂತೆ, ಅವರು ಬಂದಿಲ್ಲ ಅಂದ್ರಂತೆ. ಅಪ್ಪ ದಿನಾ ಹೋಗಿ ಕೇಳಿಕೊಂಡು ಬರ್ತಿದ್ದರು. ಅವಳು ದಿನಾ ಬೆಳಿಗ್ಗೆ ಎಂಟನೇ ಕ್ಲಾಸಿನ ನೀಲಿ ಲಂಗ ಹಾಕ್ಕೊಂಡು, ಎರಡು ಜಡೆ ಹೆಣ್ಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂರ್ತಿದ್ದಳು. ಸಂಜೆ ಅಪ್ಪ ಬಂದು, ನಾಳೆ ಬರುತ್ತಂತೆ ಅನ್ನೋರು. ಲಂಗ ಗಿಡ್ಡ ಆಗೋ ತನಕ ಕೂತಿದ್ದಳು."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು.

"ಹಾಗಾಗೋಕೆ ಸಾಧ್ಯ ಇಲ್ಲಮ್ಮಾ. ಟಿ.ಸಿ.ನ ಆಫೀಸಿನವರು ಕಳಿಸೋದಿಲ್ಲ. ಮನೆಯವರು ಹೋಗಿ ಒಂದು ಅರ್ಜಿ ಕೊಡ್ತಾರೆ, ಹೆಡ್ಮಾಸ್ಟರು ಬರೆದು ಕೈಗೆ ಕೊಡ್ತಾರೆ. ಅರ್ಧ ದಿನದ ಕೆಲಸ."

"ಈಗ ಹಾಗೆ ಮಾಡಿದಾರಾ?"

"ಮೊದಲಿಂದಲೂ ಹಾಗೇ. ನನಗೆ ನಮ್ಮಪ್ಪ ತಂದ್ಕೊಟ್ಟಿದ್ದೂ ಹಾಗೇ." ಫಾರಂ ನೋಡಿಕೊಂಡು ಕೇಳಿದರು: "ಅರ್ಜಿ ಕೊಟ್ಟಿದ್ದರಾ?"

ನಲ್ಲಿ ಸುರಿಯುತ್ತಲೇ ಇತ್ತು. ಆ ವರ್ಷ ಅಮ್ಮನಿಗೆ ಐದನೆಯ ಹೆರಿಗೆ. ಅವಳು ಹಾಸಿಗೆ ಬಿಟ್ಟು ಏಳಲು ತಿಂಗಳುಗಳೇ ಹಿಡಿದವು. ಮನೆಯಲ್ಲಿ ಇನ್ನೊಂದು ಜೊತೆ ಕೈ ಬೇಕಿತ್ತು. ಇದೂ ನನಗೆ ಆಗಲೇ ಗೊತ್ತಿತ್ತು. ಟಿ.ಸಿ. ಬಾರದ್ದು, ಇದು, ಎರಡೂ ಬೇರೆ ಬೇರೆ ಸಂಗತಿ ಎಂದುಕೊಂಡಿದ್ದೆ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ನನ್ನ ಸಿಟ್ಟನ್ನೆಲ್ಲ ಎರಡು ಆಫೀಸುಗಳಿಗೆ ಸಮನಾಗಿ ಹಂಚಿ ಇಟ್ಟುಕೊಂಡಿದ್ದೆ. ಅಂಥದ್ದೇ ಆಫೀಸಿನ ಗುಮಾಸ್ತರನ್ನು ಮದುವೆಯಾದ ಮೇಲೆ ಸಿಟ್ಟಿಗೆ ಒಂದು ವಿಳಾಸವೂ ಸಿಕ್ಕಿತ್ತು.

"ಗೊತ್ತಿಲ್ಲ," ಎಂದೆ.

"ಎಷ್ಟು ತಿಂಗಳಿಂದ ಮನೇಲಿದಾಳೆ?"

"ಮೂವತ್ತಾರು ವರ್ಷದಿಂದ."

ಅವರು ಫಾರಂನಲ್ಲಿದ್ದ ಫೋಟೋ ನೋಡಿದರು. ನನ್ನನ್ನು ನೋಡಿದರು. ಸೋಪು ಮೆತ್ತಿದ ನನ್ನ ಕೈ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಇದರಲ್ಲಿ ಈ ವರ್ಷದ್ದು ಮಾತ್ರ ಬರೀಬಹುದಮ್ಮಾ," ಎಂದರು ಮೆಲ್ಲಗೆ. ಹೋಗುವಾಗ ಬಗ್ಗಿ ನಲ್ಲಿ ನಿಲ್ಲಿಸಿದರು.

ತಿರುಗಿ ನೋಡಿದರೆ ಹಿಂಬಾಗಿಲಲ್ಲಿ ಇವರು ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಏಳೋ, ಹತ್ತೋ, ಬಿ.ಎ.ನೋ ಎಂದು ಏನೂ ಕೇಳಲಿಲ್ಲ. ಲೋಟವನ್ನು ನಾನು ಉಜ್ಜಬೇಕಾದ ಪಾತ್ರೆಗಳ ಜೊತೆ ಇಡಲು ಬಗ್ಗಿದವರು, ಮತ್ತೆ ಎತ್ತಿಕೊಂಡು, ತಾವೇ ತೊಳೆದು ಬೋರಲು ಹಾಕಿದರು. ಸರಿಯಾಗಿ ತೊಳೆದಿರಲಿಲ್ಲ.

ಮರುದಿನ ಸಂಜೆ ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆ, "ಟಿ.ಸಿ. ಬಂತು," ಎಂದರು.

"ಎಲ್ಲಿಂದ?"

"ಅಲ್ಲೊಂದು ಚೌಕ ಇದೆ, 'ಬಂದಿದೆ' ಅಂತ. ನಾನೇ ಒತ್ತಿದೆ." ದಾರ ಗಂಟಾಗಿತ್ತು, ಅದನ್ನೇ ಬಿಡಿಸುತ್ತ ಕೂತರು. "ಎಂಟಕ್ಕೆ ಹಾಕಿದೀನಿ."

"ಕೈಕಾಲು ತೊಳೀರಿ, ಊಟಕ್ಕೆ ಬಡಿಸ್ತೀನಿ," ಎಂದೆ.

ಎಂಟು, ಒಂಬತ್ತು, ಹತ್ತು. ಹದಿನಾರನೆಯ ವಾರ ಕಾಲೇಜಿನ ಕಾಗದ ಬಂತು. ಅದರ ಬೆನ್ನಿಗೇ ನಿರ್ದೇಶಕರು ಮೂರನೆಯ ಮಹಡಿಯಿಂದ ಇಳಿದು ಮೆಟ್ಟಿಲ ತಿರುವಿಗೆ ಬಂದರು. ಅವರು ಆ ಶಾಖೆಗೆ ಕಾಲಿಟ್ಟದ್ದು ಅದೇ ಮೊದಲು. ಉಳಿದ ದಿನ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಅಲ್ಲಿ ನಡೆದದ್ದನ್ನು ಇವರೇ ನನಗೆ ಹೇಳಿದ್ದು.

"ಎಲ್ಲಪ್ಪಾ ನಮ್ಮ ಹುಡುಗಿ?" ಎಂದರಂತೆ. "ಮೂರನೇ ವಯಸ್ಸಿಂದ ಕಾಲೇಜಿನ ತನಕ ಎಲ್ಲೂ ತಪ್ಪಿಹೋಗದೆ ಬಂದಿರೋ ಮೊದಲನೇ ವಿದ್ಯಾರ್ಥಿನಿ. ಶುಕ್ರವಾರ ಮಂತ್ರಿಗಳು ಬರ್ತಾರೆ, ವೇದಿಕೆ ಮೇಲೆ ಹೂಗುಚ್ಛ ಕೊಡ್ತಾರೆ. ನಿಮ್ಮ ಮನೆ ಮಗು ಅಲ್ವಾ? ಕರ್ಕೊಂಡು ಬನ್ನಿ."

"ಸರ್, ಅವಳಿಗೆ ನಲವತ್ತೊಂಬತ್ತು."

"ಪರವಾಗಿಲ್ಲ ಬಿಡ್ರಿ. ಪಾಸಾದ್ರೆ ಸಾಕು, ಅಂಕ ಯಾರು ಕೇಳ್ತಾರೆ."

"ವಯಸ್ಸು ಸರ್."

ನಿರ್ದೇಶಕರು ಮೆಟ್ಟಿಲ ಮೇಲೇ ಕೂತರಂತೆ. ಎಲ್ಲ ಕೇಳಿದ ಮೇಲೆ ಒಂದೇ ಮಾತು ಹೇಳಿದರಂತೆ: "ಅಳಿಸಿ."

ಅಳಿಸಲು ನಾಲ್ಕೂ ಮಹಡಿಯವರ ಒಪ್ಪಿಗೆ ಬೇಕಿತ್ತು. ನೆಲಮಹಡಿಯವರು, ಮಗು ಬೆಳೆದು ಮೇಲೆ ಹೋಗಿದೆ, ನಮ್ಮದಲ್ಲ ಎಂದರು. ಮೊದಲನೆಯವರೂ ಎರಡನೆಯವರೂ ಅದನ್ನೇ ಅಂದರು. ಮೂರನೆಯವರು, ಇನ್ನೂ ಬಂದು ಸೇರಿಲ್ಲ, ಆದ್ದರಿಂದ ನಮ್ಮದಲ್ಲ ಎಂದರು. ನಾಲ್ಕು ಮಹಡಿಗಳು ಒಂದೇ ಮಾತಾಡಿದ್ದು ಅದೇ ಮೊದಲು. ಸಮನ್ವಯ ಸಾಧ್ಯವಾಯಿತಲ್ಲ ಎಂದು ಇವರಿಗೆ ಒಂದು ಗಳಿಗೆ ಸಂತೋಷವೇ ಆಯಿತಂತೆ. ಆಮೇಲೆ, ಪೋಷಕರೇ ಬರೆದುಕೊಟ್ಟರೆ ಯಾರ ಒಪ್ಪಿಗೆಯೂ ಬೇಡ ಎಂಬ ನಿಯಮ ಸಿಕ್ಕಿತು.

ಆ ಫಾರಂ ಹಿಡಿದು ಮನೆಗೆ ಬಂದರು. ಕೂರಲಿಲ್ಲ.

"ಎರಡೇ ಕಾರಣ ಕೊಟ್ಟಿದಾರೆ, ಒಂದಕ್ಕೆ ಗುರುತು ಹಾಕಬೇಕು. ಒಂದು, ಮರಣ." ನೀರು ಕುಡಿದರು. "ಇನ್ನೊಂದು, ಓದು ಬಿಟ್ಟಿದ್ದು."

"ಅಂಥ ಮಗುವೇ ಇಲ್ಲ ಅನ್ನೋದಿಲ್ವಾ?"

"ಇಲ್ಲದ ಮಗುಗೆ ಕಾಲಂ ಇಲ್ಲ ಕಣೇ."

ಫಾರಂ ತಿರುವಿ ಹಿಂದುಗಡೆಯನ್ನೂ ನೋಡಿದೆ.

"ಮರಣ ಅಂದ್ರೆ ಪ್ರಮಾಣಪತ್ರ ಲಗತ್ತಿಸಬೇಕು," ಎಂದರು. "ಅದು ಕಷ್ಟ."

ಕಷ್ಟವೆಂದು ನಾನೂ ಒಪ್ಪಿದೆ.

"ಸಹಿ ನೀನೇ ಮಾಡಬೇಕು. ನಾನು ಶಾಖೆಯವನು, ನನ್ನದು ನಡೆಯಲ್ಲ. ನಾಳೆ ಹನ್ನೊಂದರ ಒಳಗೆ ಕೊಡದಿದ್ರೆ ನನ್ನನ್ನ ಅಮಾನತಿನಲ್ಲಿ ಇಡ್ತಾರಂತೆ." ಆ ಕಡೆ ತಿರುಗಿ, "ನಿನಗೆ ಬೇಡ ಅನ್ನಿಸಿದ್ರೆ ಬೇಡ," ಎಂದರು. ಅದನ್ನು ಹೇಳುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು.

ಫಾರಂ ಎಳೆದುಕೊಂಡೆ. ಓದು ಬಿಟ್ಟಿದ್ದು ಎಂಬುದರ ಮುಂದೆ ಗುರುತು ಹಾಕಿದೆ. ಮೊದಲ ಸಲ ಬಿಟ್ಟಾಗ ನನ್ನನ್ನು ಯಾರೂ ಸಹಿ ಕೇಳಿರಲಿಲ್ಲ. 'ಬಿಟ್ಟ ತರಗತಿ' ಎಂಬ ಗೆರೆಯ ಬಳಿ ಪೆನ್ನು ನಿಂತಿತು.

"ಕಾಲೇಜು ಅಂತ ಬರಿ," ಎಂದರು ಕ್ಯಾಲೆಂಡರಿಗೆ. "ಅಲ್ಲೀವರೆಗೆ ಬಂದಿದೀಯಲ್ಲ."

ಬರೆದೆ.

ಶುಕ್ರವಾರ ಮಂತ್ರಿಗಳ ಮುಂದೆ ಇಟ್ಟ ವರದಿಯ ಪ್ರಕಾರ, ಪ್ರಾಯೋಗಿಕ ಹಂತದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಓದು ಬಿಟ್ಟವರ ಪ್ರಮಾಣ ಶೇಕಡಾ ನೂರು. ಪರಿಸ್ಥಿತಿ ಗಂಭೀರವೆಂದು ಮಂತ್ರಿಗಳು ಒಂದು ಸಮಿತಿ ಮಾಡಿದರು. ಮೆಟ್ಟಿಲ ತಿರುವಿಗೆ ಮೂರನೆಯ ಮೇಜು ಬಂತು. ಈಗ ಅಲ್ಲಿ ಹತ್ತುವವರೂ ಇಳಿಯುವವರೂ ಅಡ್ಡವಾಗಿ ನಡೆಯಬೇಕು.

ಮರುದಿನ ಶಿಶುವಿಹಾರದಲ್ಲಿ ಟೀಚರಮ್ಮ ಹಾಜರಿ ಹಾಕುತ್ತ, "ಅಕ್ಕಾ, ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ಹಳೇ ಪಟ್ಟಿಯಿಂದಲೂ ತೆಗೆದಿದಾರೆ," ಎಂದಳು. ಅವಳಿಗೆ ಬೇಜಾರಾದಂತಿತ್ತು.

"ಕೆಲಸ ಜಾಸ್ತಿ ಇದೆ, ಇರಲಿ ಬಿಡು," ಎಂದೆ.

ಮಧ್ಯಾಹ್ನ ಮಕ್ಕಳನ್ನು ಚಾಪೆಗಳ ಮೇಲೆ ಮಲಗಿಸಿದ ಮೇಲೆ ಅವಳಿಂದ ಒಂದು ಗೆರೆ ಹಾಳೆ ಕೇಳಿ ತೆಗೆದುಕೊಂಡು ಬಾಗಿಲ ಬಳಿ ಕೂತೆ. ಇವರ ಕರಡುಗಳನ್ನು ಕಣ್ಣುಮುಚ್ಚಿ ನಕಲು ಮಾಡುವವಳು ನಾನು. ಆದರೆ ಆ ಒಂದು ಪುಟಕ್ಕೆ ಮಕ್ಕಳ ನಿದ್ದೆಯಷ್ಟೂ ಹೊತ್ತು ಹಿಡಿಯಿತು. ಮುಖ್ಯೋಪಾಧ್ಯಾಯರಿಗೆ. ಇಂಥ ವರ್ಷ ಏಳನೇ ತರಗತಿ ಮುಗಿಸಿದ ಇಂಥವಳ ವರ್ಗಾವಣೆ ಪತ್ರ ಕೊಡಬೇಕೆಂದು ಕೋರಿಕೆ. ಕಾರಣ: ಮುಂದೆ ಓದಲು. ಕೆಳಗೆ 'ಪೋಷಕರ ಸಹಿ' ಎಂದು ಬರೆದು ನನ್ನ ಹೆಸರು ಹಾಕಿದೆ. ಹಾಳೆಯನ್ನು ನಾಲ್ಕಾಗಿ ಮಡಿಸಿ, ಬಿಚ್ಚಿಕೊಳ್ಳದಂತೆ ನಾದಿನಿ ಕೊಟ್ಟ ಕೆಂಪು ಕ್ಲಿಪ್ಪು ಸಿಕ್ಕಿಸಿ, ಚೀಲದ ಒಳಜೇಬಿಗೆ ಸೇರಿಸಿದೆ.

"ಸೋಮವಾರ ನಾನು ಬರಲ್ಲ, ಹಲ್ಲುನೋವು," ಎಂದೆ ಟೀಚರಮ್ಮನಿಗೆ.

"ಸೋಮವಾರದ ಹಲ್ಲುನೋವು ಇವತ್ತೇ ಗೊತ್ತಾಯ್ತಾ ಅಕ್ಕಾ?"

"ನನ್ನ ಹಲ್ಲು ನನಗೆ ಗೊತ್ತಾಗದೆ ಇನ್ನೇನು."

ನಾನು ಏಳರ ತನಕ ಓದಿದ ಶಾಲೆಗೆ ಮೂರು ಬಸ್ಸು ಹಿಡಿಯಬೇಕು. ಹಳೆಯ ಹಾಜರಿ ಪುಸ್ತಕಗಳನ್ನು ಎಸೆಯುವುದಿಲ್ಲವೆಂದು ಇವರು ಹೇಳುವುದನ್ನು ಕೇಳಿದ್ದೇನೆ. ಅರ್ಜಿಗಳನ್ನೂ ವರ್ಷಕ್ಕೊಂದು ಕಟ್ಟು ಮಾಡಿ ಇಡುತ್ತಾರಂತೆ. ಅಪ್ಪ ಕೊಟ್ಟಿದ್ದರೆ ಅದೂ ಅಲ್ಲೇ ಇರಬೇಕು. ನನ್ನ ಹೆಸರು ಹುಡುಕುವವರು ಆ ವರ್ಷದ ಕಟ್ಟನ್ನೂ ಬಿಚ್ಚಲು ಹೊರಡಬಹುದು. ಟಿ.ಸಿ. ಬರೆದುಕೊಟ್ಟರೆ ತೆಗೆದುಕೊಂಡು ಬರುತ್ತೇನೆ. ಆ ಕಟ್ಟನ್ನು ಮಾತ್ರ ಬಿಚ್ಚುವುದು ಬೇಡ ಎನ್ನುತ್ತೇನೆ.